ಎದೆರೋಗ ವೈದ್ಯರನ್ನು ಕೇಳಿ: ಮನೆಯಲ್ಲೇ ಸಿಗರೇಟ್ ತುಂಬುವ ಕರೆಂಟ್ ಮಷಿನ್

ಪ್ರಶ್ನೆ (ಕುಮಟಾ, ಗೃಹಿಣಿ):
ಡಾಕ್ಟ್ರೇ, ನಮಸ್ಕಾರ. ದುಬೈಯಿಂದ ಬಂದ ನಮ್ಮ ಭಾವ ಇವರಿಗೆ ಸಿಗರೇಟ್ ತುಂಬುವ ಕರೆಂಟ್ ಮಷಿನ್ ತಂದುಕೊಟ್ಟಿದ್ದಾರೆ. ಜೊತೆಗೆ ಫಿಲ್ಟರ್ ಇರುವ ಖಾಲಿ ಕೊಳವೆಗಳ ಡಬ್ಬಿ, ಬಿಡಿ ತಂಬಾಕಿನ ಪೊಟ್ಟಣ. ಮೇಲೆ ತಂಬಾಕು ಹಾಕಿ, ಕೊಳವೆಯನ್ನು ಮೂತಿಗೆ ಸಿಕ್ಕಿಸಿ ಗುಂಡಿ ಒತ್ತಿದರೆ ಒಂದು ಸಿಗರೇಟ್ ತಯಾರು. "ಅಂಗಡಿಯದರಲ್ಲಿ ಕೆಮಿಕಲ್ ಇರ್ತದೆ, ಇದು ಬರೀ ಎಲೆ, ದುಡ್ಡೂ ಉಳೀತದೆ" ಅಂತಾರೆ. ರಾತ್ರಿ ಊಟದ ಮೇಲೆ ನಾನೇ ಕೂತು ತುಂಬಿಕೊಡ್ತೇನೆ. ಮನೆಯಲ್ಲಿ ಮೂರು ವರ್ಷದ ಮಗ ಇದ್ದಾನೆ. ಇವರಿಗೆ ಬೆಳಗಿನ ಕೆಮ್ಮು ಮೊದಲಿಂದಲೂ ಇದೆ. ಮನೆಯಲ್ಲಿ ಮಾಡಿದ್ದು ಅಂಗಡಿಯದಕ್ಕಿಂತ ಒಳ್ಳೆಯದು ಹೌದಾ?

ವೈದ್ಯರ ಉತ್ತರ:
ಅಲ್ಲ. ಎಲೆ ಯಾವುದೇ ಇರಲಿ, ಅದನ್ನು ಸುಟ್ಟಾಗ ಹುಟ್ಟುವ ಹೊಗೆಯೇ ವಿಷ. ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಇವುಗಳಲ್ಲಿ ಹೆಚ್ಚಿನವು ಕಾರ್ಖಾನೆಯಲ್ಲಿ ಬೆರೆಸಿದ್ದಲ್ಲ; ಎಲೆಯೊಳಗೇ ಇರುತ್ತವೆ, ಇಲ್ಲವೇ ಬೆಂಕಿ ತಗುಲಿದ ಮೇಲೆ ಹುಟ್ಟುತ್ತವೆ. ಟಾರ್ ಎಂಬ ಅಂಟು ಜಿಡ್ಡು, ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಎರಡೂ ಹಾಗೆ ಹುಟ್ಟಿದವು. ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಜಾಗವನ್ನು ತಾನೇ ಹಿಡಿಯುತ್ತದೆ. ಇನ್ನು "ಬರೀ ಎಲೆ" ಎನ್ನುವುದೂ ಪೂರ್ತಿ ನಿಜವಲ್ಲ. ಬಿಡಿ ತಂಬಾಕು ಒಣಗಿ ಪುಡಿಯಾಗದಿರಲಿ ಎಂದು ಅದಕ್ಕೂ ಗ್ಲಿಸರಿನ್‌ನಂಥ ಪದಾರ್ಥಗಳನ್ನು ಸೇರಿಸುತ್ತಾರೆ.

ಫಿಲ್ಟರ್ ಇದೆಯಲ್ಲ ಎಂದು ಕೇಳಬಹುದು. ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ನಾರು. ಟಾರಿನ ಒಂದಿಷ್ಟು ಕಣಗಳನ್ನು ತಡೆಯುತ್ತದೆ, ಕಾರ್ಬನ್ ಮೊನಾಕ್ಸೈಡ್ ಸಲೀಸಾಗಿ ದಾಟಿಹೋಗುತ್ತದೆ. ಮಷಿನ್ ಬಿಗಿಯಾಗಿ ತುಂಬಿದರೆ ಎಳೆತ ಗಟ್ಟಿಯಾಗಿ, ಸೇದುವವರು ಇನ್ನೂ ಜೋರಾಗಿ ಎಳೆಯುತ್ತಾರೆ.

ನನಗೆ ಹೆಚ್ಚು ಚಿಂತೆ ಲೆಕ್ಕದ್ದು. ಪ್ಯಾಕೆಟ್ ಇದ್ದಾಗ ಅದು ಖಾಲಿಯಾಗುತ್ತದೆ, ಅಂಗಡಿಗೆ ಹೋಗಬೇಕು, ದುಡ್ಡು ಎಣಿಸಬೇಕು. ಪ್ಯಾಕೆಟ್ಟಿನ ಎರಡೂ ಬದಿಯಲ್ಲಿ ಶೇ. 85ರಷ್ಟು ಜಾಗ ತುಂಬಿದ ಎಚ್ಚರಿಕೆಯ ಚಿತ್ರ ಪ್ರತಿ ಸಲ ಕಣ್ಣಿಗೆ ಬೀಳುತ್ತದೆ. ಮಷಿನ್ ಈ ತಡೆಗಳನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕಿತು. ಅದು ಬಂದ ಮೇಲೆ ದಿನಕ್ಕೆ ಎಷ್ಟಾಗಿದೆ, ದಯವಿಟ್ಟು ನೋಡಿ ತಿಳಿಸಿ.

ಈಗ ನಿಮ್ಮ ವಿಷಯ. ತುಂಬುವಾಗ ಏಳುವ ತಂಬಾಕಿನ ಧೂಳು ನಿಮ್ಮ ಮೂಗಿಗೆ ಹೋಗುತ್ತದೆ, ಒದ್ದೆ ಕೈಯಲ್ಲಿ ಮುಟ್ಟಿದರೆ ನಿಕೋಟಿನ್ ಚರ್ಮದ ಮೂಲಕವೂ ಇಳಿಯುತ್ತದೆ. ಮಂಗಳೂರು, ಉಡುಪಿ ಕಡೆ ಬೀಡಿ ಕಟ್ಟುವ ಹೆಂಗಸರಲ್ಲಿ ಕೆಮ್ಮು, ತಲೆನೋವು, ಕಣ್ಣುರಿ ಕಾಣುವುದು ಇಂಥ ಧೂಳಿನಿಂದಲೇ. ಮಗುವಿನ ಬಗ್ಗೆ ಬಹಳ ಎಚ್ಚರ ಇರಲಿ. ನೆಲಕ್ಕೆ ಬಿದ್ದ ತಂಬಾಕನ್ನು ಮಕ್ಕಳು ಬಾಯಿಗೆ ಹಾಕುತ್ತಾರೆ. ವಾಂತಿ, ಜೊಲ್ಲು ಸುರಿಯುವುದು, ಮೈ ಬಿಳಿಚುವುದು, ಮಂಪರು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ.

ಪ್ರತಿಕ್ರಿಯೆ (ಶಿರಸಿ, ಮಿಕ್ಸಿ–ಗ್ರೈಂಡರ್ ರಿಪೇರಿ ಮಾಡುವವರು):
ಅಕ್ಕಾ, ಡಾಕ್ಟ್ರು ಹೇಳಿದ್ದಕ್ಕೆ ನನ್ನದೊಂದು ಮಾತು. ಮಳೆಗಾಲದಲ್ಲಿ ತಂಬಾಕು ತೇವ ಎಳೆದು ಮೂತಿಯಲ್ಲಿ ಕಟ್ಟಿಕೊಂಡರೆ ಮೋಟರು ತಿರುಗಲಾರದೆ ಬಿಸಿಯಾಗಿ ಸುಟ್ಟುಹೋಗ್ತದೆ. ಪ್ಲಗ್ ತೆಗೆಯದೆ ಚಾಕು, ಕಡ್ಡಿ ಹಾಕಿ ಕೆದಕಲೇಬೇಡಿ, ಒಳಗಿನ ತಳ್ಳುಗೋಲು ಬೆರಳು ಕತ್ತರಿಸುವಷ್ಟು ಜೋರಿರ್ತದೆ. ಅಮೆರಿಕದ ಮಷಿನ್ ಆದರೆ 120 ವೋಲ್ಟಿನದು, ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಹೊಗೆ ಬರೋದು ಮಷಿನಿಂದಲೇ. ದುಬೈಯಲ್ಲಿ ನಮ್ಮಷ್ಟೇ ವೋಲ್ಟು, ಆದರೂ ಹಿಂದಿನ ಚೀಟಿ ಓದಿ ನೋಡಿ.

ವೈದ್ಯರ ಉತ್ತರ:
ತೇವದ ಮಾತು ತೆಗೆದದ್ದು ಒಳ್ಳೆಯದಾಯಿತು. ನಮ್ಮ ಕರಾವಳಿಯ ಜೂನ್–ಜುಲೈನಲ್ಲಿ ತೆರೆದಿಟ್ಟ ತಂಬಾಕಿಗೆ ಬೂಷ್ಟು ಹಿಡಿಯುತ್ತದೆ. ಒಣಗಿದ ತಂಬಾಕಿಗೆ ಹಸಿ ಆಲೂಗಡ್ಡೆ ಚೂರು ಹಾಕಿಡುವ ರೂಢಿಯೂ ಕೆಲವರಿಗಿದೆ, ಅದರಿಂದಲೂ ಬೂಷ್ಟು ಬೇಗ ಬರುತ್ತದೆ. ದಮ್ಮಿನವರಿಗೆ, ಹಿಂದೆ ಕ್ಷಯ ಬಂದು ಶ್ವಾಸಕೋಶದಲ್ಲಿ ಕಲೆ ಉಳಿದವರಿಗೆ ಈ ಬೂಷ್ಟಿನ ಕಣಗಳು ಬೇರೆಯದೇ ಕಾಯಿಲೆ ತರಬಲ್ಲವು. ಬೂಷ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕಿ ಮತ್ತೆ ಬಳಸಬೇಡಿ, ಎಸೆದುಬಿಡಿ.

ಪ್ರಶ್ನೆ (ಶಿರಸಿ, ಅಡಿಕೆ ಬೆಳೆಗಾರರು):
ನಮ್ಮಲ್ಲಿ ಕವಳಕ್ಕೆ, ಅಂದರೆ ಎಲೆ-ಅಡಿಕೆಗೆ, ಹಾಕುವ ಹೊಗೆಸೊಪ್ಪು ಮನೆಯಲ್ಲೇ ಇರ್ತದೆ. ಅದನ್ನೇ ಮಿಕ್ಸಿಯಲ್ಲಿ ತಿರುವಿ ಇಂಥ ಮಷಿನಿಗೆ ಹಾಕಿದರೆ ಆಗುದಿಲ್ಲವೋ? ಅದು ಹಳ್ಳಿಯ ಸೊಪ್ಪು, ಶುದ್ಧ.

ವೈದ್ಯರ ಉತ್ತರ:
ಖಂಡಿತ ಬೇಡ. ಸಿಗರೇಟಿನ ತಂಬಾಕು ಹೆಚ್ಚಾಗಿ ವರ್ಜೀನಿಯಾ ಜಾತಿಯದು. ನಮ್ಮ ರಾಜ್ಯದಲ್ಲಿ ಹುಣಸೂರು, ಪಿರಿಯಾಪಟ್ಟಣ ಕಡೆ ಬೆಳೆದು, ಬ್ಯಾರನ್ ಮನೆಗಳಲ್ಲಿ ಬಿಸಿಗಾಳಿಯಿಂದ ಹದಮಾಡುತ್ತಾರೆ. ಅದರ ಹೊಗೆ ಸ್ವಲ್ಪ ಆಮ್ಲೀಯ, ಬಾಯಲ್ಲಿ ನಿಕೋಟಿನ್ ಹೆಚ್ಚು ಹೀರಿಕೆಯಾಗುವುದಿಲ್ಲ. ಅದಕ್ಕೇ ಸೇದುವವರು ಎದೆಯ ಆಳಕ್ಕೆ ಎಳೆಯುತ್ತಾರೆ, ಅಲ್ಲಿಂದ ಕೆಲವೇ ಸೆಕೆಂಡುಗಳಲ್ಲಿ ಮೆದುಳು ಮುಟ್ಟುತ್ತದೆ. ಕವಳದ ಸೊಪ್ಪು ಬೇರೆ ಹದದ್ದು, ಸಾಮಾನ್ಯವಾಗಿ ಅದರಲ್ಲಿ ನಿಕೋಟಿನ್ ಹೆಚ್ಚು, ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕಗಳೂ ಹೆಚ್ಚು. ಕವಳದಲ್ಲಿ ಸುಣ್ಣ ಸೇರಿದೊಡನೆ ಬಾಯಿ ಕ್ಷಾರವಾಗುತ್ತದೆ, ನಿಕೋಟಿನ್ ಕೆನ್ನೆಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. ಅಂಥ ಸೊಪ್ಪನ್ನು ಸುಟ್ಟು ಎದೆಗೆ ಎಳೆದರೆ ಹೊಗೆ ತೀರಾ ಖಾರ, ತಲೆಸುತ್ತು, ವಾಂತಿ. ಚಟ್ನಿ ಬೀಸುವ ಜಾರಿನಲ್ಲಿ ಹೊಗೆಸೊಪ್ಪು ತಿರುವುವುದನ್ನಂತೂ ಯೋಚಿಸಲೇಬೇಡಿ, ಅದು ಮನೆಮಂದಿಯ ಹೊಟ್ಟೆಗೆ ಹೋಗುತ್ತದೆ.

ಕವಳ ನಮ್ಮ ಕಡೆ ಮನೆಗೆ ಬಂದವರಿಗೆ ಕೊಡುವ ಮರ್ಯಾದೆ, ಅದು ನನಗೂ ಗೊತ್ತು. ಆದರೂ ಹೇಳದಿದ್ದರೆ ತಪ್ಪಾಗುತ್ತದೆ: ಹೊಗೆಸೊಪ್ಪು ಮಾತ್ರವಲ್ಲ, ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ ಪೂರ್ತಿ ತೆರೆಯಲು ಆಗುತ್ತಿಲ್ಲ, ಖಾರ ತಾಗಿದರೆ ಉರಿ, ಬಿಳಿ ಕಲೆ, ವಾಸಿಯಾಗದ ಹುಣ್ಣು ಇವುಗಳಲ್ಲಿ ಯಾವುದಿದ್ದರೂ ದಂತವೈದ್ಯರಿಗೆ ತೋರಿಸಿ.

ಪ್ರಶ್ನೆ (ಭಟ್ಕಳ, ಅಂಗಡಿಯವರು):
ಇಂಥ ಮಷಿನ್ ಇಟ್ಟು ತುಂಬಿ ಬಿಡಿಯಾಗಿ ಮಾರಬಹುದಾ? ಇದೇನಾ ನಿಷೇಧ ಆದ ಇ-ಸಿಗರೇಟ್?

ವೈದ್ಯರ ಉತ್ತರ:
ಎರಡೂ ಬೇರೆ. 2019ರಲ್ಲಿ ನಿಷೇಧಿಸಿದ ಇ-ಸಿಗರೇಟ್ ಸುಡುವುದಿಲ್ಲ, ನಿಕೋಟಿನ್ ಇರುವ ದ್ರವವನ್ನು ಕಾಯಿಸಿ ಆವಿ ಮಾಡುತ್ತದೆ. ಇದು ತಂಬಾಕು ತುಂಬುವ ಮಷಿನ್ ಅಷ್ಟೇ, ಬರುವುದು ಮಾಮೂಲಿ ಸಿಗರೇಟೇ. ಮಾರುವಂತಿಲ್ಲ. 2003ರ ಕೇಂದ್ರದ ತಂಬಾಕು ಕಾಯ್ದೆ, ಅಂದರೆ ಕೋಟ್ಪಾ ಪ್ರಕಾರ ಎಚ್ಚರಿಕೆ ಚಿತ್ರವಿಲ್ಲದ ಸಿಗರೇಟನ್ನು ಮಾರಾಟಕ್ಕೆ ತಯಾರಿಸುವುದೂ ಅಪರಾಧ, ತೆರಿಗೆಯ ಪ್ರಶ್ನೆ ಬೇರೆ. ಕರ್ನಾಟಕದಲ್ಲಿ ಈಗ 21 ವರ್ಷದೊಳಗಿನವರಿಗೆ ತಂಬಾಕು ಕೊಡುವಂತೆಯೂ ಇಲ್ಲ.

ಪ್ರಶ್ನೆ (ಕುಮಟಾ, ಮೊದಲು ಕೇಳಿದವರು):
ನೀವು ಹೇಳಿದ ಹಾಗೆ ಲೆಕ್ಕ ನೋಡಿದೆ. ಮೊದಲು ದಿನಕ್ಕೆ ಹತ್ತರ ಒಂದು ಪ್ಯಾಕು. ಈಗ ಹದಿನೆಂಟು, ಇಪ್ಪತ್ತು. ನಾನು ತುಂಬಿಕೊಡುದಿಲ್ಲ ಅಂದರೆ ಸಿಟ್ಟು ಮಾಡ್ತಾರೆ. ಏನು ಮಾಡಲಿ?

ವೈದ್ಯರ ಉತ್ತರ:
ತುಂಬಿಕೊಡುವುದನ್ನು ನಿಲ್ಲಿಸಿ. ಇದು ಅವರ ಮೇಲಿನ ಸಿಟ್ಟಿಗಲ್ಲ, ಮಗುವಿನ ಸಲುವಾಗಿ ಎಂದು ಸಮಾಧಾನದಲ್ಲಿ ಹೇಳಿ. ಮಷಿನ್, ತಂಬಾಕು, ಬೂದಿತಟ್ಟೆ ಮೂರೂ ಮನೆಯೊಳಗೆ ಇರದಿರಲಿ. ಕಿಟಕಿ ತೆರೆದು ಸೇದಿದರೆ ಸಾಕು ಎಂದುಕೊಳ್ಳಬೇಡಿ. ಒಳಗೆ ಹೊಗೆ ಇರುವ ಮನೆಯ ಮಕ್ಕಳಿಗೆ ನ್ಯುಮೋನಿಯಾ, ದಮ್ಮು, ಕಿವಿ ಸೋರುವುದು ಹೆಚ್ಚು.

ಒಂದು ಮಾತ್ರ ನೆನಪಿಡಿ, ಅವರು ಸೇದುವುದು ನಿಮ್ಮ ಮೇಲಿನ ಅಲಕ್ಷ್ಯದಿಂದಲ್ಲ. ಮೆದುಳಿಗೆ ನಿಕೋಟಿನ್ ರೂಢಿಯಾಗಿದೆ, ಅದಕ್ಕೆ ಚಿಕಿತ್ಸೆ ಇದೆ. ಅವರಿಗೆ ಈ ಉತ್ತರಗಳನ್ನು ಓದಲು ಕೊಡಿ.

ಪ್ರಶ್ನೆ (ಕುಮಟಾ, ಅವರ ಪತಿ):
ನಮಸ್ಕಾರ ಡಾಕ್ಟ್ರೇ, ಓದಿದೆ. ರಾತ್ರಿ ಐದೇ ತುಂಬಿಟ್ಟುಕೊಂಡರೆ ಸಾಲದಾ? ಬಿಡಬೇಕು ಅಂತ ಹಿಂದೆಯೂ ನೋಡಿದ್ದೇನೆ, ಎರಡನೇ ದಿನವೇ ತಡೆಯಲಿಕ್ಕೆ ಆಗಲಿಲ್ಲ.

ವೈದ್ಯರ ಉತ್ತರ:
ನೀವೇ ಬರೆದಿದ್ದಕ್ಕೆ ತುಂಬಾ ಸಂತೋಷ. ಐದಕ್ಕೆ ಇಳಿಸುವುದು ಬಿಡುವ ದಾರಿಯ ಮೊದಲ ವಾರಕ್ಕೆ ಸರಿ, ಅಲ್ಲೇ ನಿಲ್ಲಬಾರದು. ದಿನಕ್ಕೆ ಒಂದೇ ಸೇದಿದರೂ, 20 ಸೇದುವವರಿಗೆ ಹೃದಯಾಘಾತದ ಅಪಾಯ ಎಷ್ಟು ಹೆಚ್ಚಿರುತ್ತದೋ ಅದರ ಹತ್ತಿರ ಹತ್ತಿರ ಅರ್ಧದಷ್ಟು ಉಳಿದೇ ಇರುತ್ತದೆ. ಪೂರ್ತಿ ಬಿಟ್ಟರೆ ಒಂದೆರಡು ದಿನದಲ್ಲಿ ರಕ್ತದ ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತದೆ, ವರ್ಷದೊಳಗೆ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಬರುತ್ತದೆ.

ಎರಡನೇ ದಿನ ಸೋತದ್ದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ. ಎರಡು ಮೂರನೇ ದಿನವೇ ಚಡಪಡಿಕೆ ತುದಿ ಮುಟ್ಟುವುದು, ಮೂರು ನಾಲ್ಕು ವಾರಗಳಲ್ಲಿ ಅದು ಬಹುಮಟ್ಟಿಗೆ ಅಡಗುತ್ತದೆ. ಆ ದಿನಗಳನ್ನು ದಾಟಿಸಲು ನಿಕೋಟಿನ್ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ಪಟ್ಟಿ ಇದೆ. ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಬೇಕೆನಿಸುವವರಿಗೆ 4 ಮಿಲಿಗ್ರಾಂ ಗಮ್, ಉಳಿದವರಿಗೆ 2 ಮಿಲಿಗ್ರಾಂ. ನಿಧಾನ ಅಗಿದು, ನಾಲಿಗೆ ಚುರುಗುಟ್ಟಿದಾಗ ಕೆನ್ನೆಯ ಸಂದಿಯಲ್ಲಿ ಇಡಿ, ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಅಗಿಯಿರಿ. ಒಂದು ಗಮ್ ಅರ್ಧ ಗಂಟೆ ಬರಬೇಕು. ಸುಮ್ಮನೆ ಜಗಿದು ನುಂಗಿದರೆ ಬಿಕ್ಕಳಿಕೆ, ಹೊಟ್ಟೆಯುರಿ ಬರುತ್ತದೆ, ಉಪಯೋಗವೂ ಆಗುವುದಿಲ್ಲ. ವ್ಯಾರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳೂ ಇವೆ, ಆದರೆ ಪರೀಕ್ಷೆ ಮಾಡಿದ ವೈದ್ಯರೇ ಬರೆದುಕೊಡಬೇಕು. ಫೋನಿನಲ್ಲಿ ಮಾತಾಡಿ ಧೈರ್ಯ ತುಂಬುವವರು ಬೇಕೆಂದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356, ಕರೆಗೆ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯ ಕೇಂದ್ರಗಳಲ್ಲಿ ಒಂದು.

ಪ್ರಶ್ನೆ (ಶಿರಸಿ, ಅಡಿಕೆ ಬೆಳೆಗಾರರು):
ಹಾಗಾದರೆ ಈ ಗಮ್ಮು ಕವಳ ಬಿಡುವವರಿಗೂ ಆಗ್ತದೋ?

ವೈದ್ಯರ ಉತ್ತರ:
ಹೊಗೆಸೊಪ್ಪು ಬಿಡಲು ಸಹ ಕೊಡುತ್ತೇವೆ. ಗಮ್ ಹಾಕುವ ಕಾಲು ಗಂಟೆ ಮುಂಚಿನಿಂದ ಅಪ್ಪೆಹುಳಿ, ಕೋಕಂ ಪಾನಕ, ಕಾಫಿ ಕುಡಿಯಬೇಡಿ, ಗಮ್ ಬಾಯಲ್ಲಿರುವಾಗಲೂ ಬೇಡ. ಹುಳಿಯಿಂದ ಬಾಯಿ ಆಮ್ಲೀಯವಾದರೆ ನಿಕೋಟಿನ್ ಹೀರಿಕೆಯಾಗುವುದಿಲ್ಲ, ಗಮ್ ನಿಷ್ಫಲ. ಎಲೆ, ಸುಣ್ಣದ ಜೊತೆ ಗಮ್ ಸೇರಿಸಿ ಜಗಿಯುವುದೂ ಬೇಡ.

ಕುಮಟಾದವರಿಗೆ ಇನ್ನೊಂದು. ಬೆಳಗಿನ ಕೆಮ್ಮನ್ನು "ಸಿಗರೇಟಿನದು" ಎಂದು ಬಿಟ್ಟುಬಿಡಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು, ಸೇದುವವರಲ್ಲಿ ಕ್ಷಯ ಹೆಚ್ಚು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ತಾಲೂಕು ಆಸ್ಪತ್ರೆಯಲ್ಲೇ ಕೊಡಬಹುದು. ಶ್ವಾಸಕೋಶದ ಶಕ್ತಿ ಅಳೆಯುವ ಊದುವ ಪರೀಕ್ಷೆ ಬೇಕೆಂದರೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಎದೆರೋಗ ವಿಭಾಗಕ್ಕೆ ಬರೆದುಕೊಡುತ್ತಾರೆ. ಕಫ ಕೊಡುವ ದಿನ ಎದ್ದೊಡನೆ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಬಂದದ್ದನ್ನು ಡಬ್ಬಿಗೆ ಹಾಕಿ. ಬರೀ ಎಂಜಲಿದ್ದರೆ ಮತ್ತೆ ಕರೆಸುತ್ತಾರೆ.