ಕರಳ್, ಕರುಳು: ಲಿವರಿಗೆ ನಾವು ಎಂತ ಹೇಳುವುದು?

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯಿಂದ ಬರೀತಿದ್ದೇನೆ, ಸ್ವಲ್ಪ ಉದ್ದ ಆದ್ರೆ ಬೇಜಾರು ಮಾಡ್ಬೇಡಿ.

ನನ್ನ ತಂಗಿ ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸಿಗೆ ಹೋಗ್ತಾಳೆ. ಪುಸ್ತಕ ಇಂಗ್ಲಿಷು, ಪಾಠ ಮಲಯಾಳ, ಇವಳು ಬರ್ಕೊಳ್ಳುವುದು ಕನ್ನಡದಲ್ಲಿ. ಮೊನ್ನೆ ಸುಮ್ನೆ ಅವಳ ನೋಟ್‌ಬುಕ್ ಬಿಡಿಸಿ ನೋಡಿದೆ, ಹೆಪಟೈಟಿಸ್ ಅಂತ ಬರೆದು ಎದುರಿಗೆ ‘ಕರುಳಿನ ಉರಿಯೂತ’ ಅಂತ ಉಂಟು. ಇದೆಂತ ಮಾರಾಯ್ತಿ, ಅದು ಲಿವರಿನದ್ದಲ್ವಾ ಅಂದೆ. “ಟೀಚರ್ ಕರಳ್ ಅಂತಲೇ ಹೇಳಿದ್ದು ಮಾವ” ಅಂದ್ಲು.

ಟೀಚರ್ ಹೇಳಿದ್ದು ಸರಿಯೇ. ಮಲಯಾಳದಲ್ಲಿ ಕರಳ್ ಅಂದ್ರೆ ಲಿವರ್, ಹೊಟ್ಟೆಯ ಕರುಳಿಗೆ ಅವರು ಹೇಳುವುದು ಕುಡಲ್. ನಮಗೆ ಕರುಳು ಅಂದ್ರೆ ಕರುಳೇ, ತುಳುವಿನ ಕರ್ಲ್ ಕೂಡ ಅದೇ. ಎಲ್ಲ ಒಂದೇ ಬೇರಿನ ಪದ, ಹಿಂದೆ ಒಟ್ಟಾರೆ ಒಳಗಿನ ಅಂಗಕ್ಕೆಲ್ಲ ಹೇಳ್ತಿದ್ರೋ ಏನೋ, ಆಮೇಲೆ ಒಬ್ಬೊಬ್ಬರು ಒಂದೊಂದು ಅಂಗ ಹಿಡ್ಕೊಂಡದ್ದು ಅಂತ ನನ್ನ ಊಹೆ. ಮಜಾ ಎಂತದ್ದು ಅಂದ್ರೆ ಪ್ರೀತಿ ಇಬ್ಬರಿಗೂ ಅಲ್ಲೇ ಇರುವುದು, ಅವರು ಮುದ್ದಿನವರನ್ನು ‘ಕರಳೇ’ ಅಂತ ಕರೀತಾರೆ, ನಮಗೆ ಮಕ್ಕಳು ಕರುಳಿನ ಕುಡಿ.

ಪ್ರೀತಿಗೆ ಯಾವ ಅಂಗ ಆದ್ರೂ ನಡೀತದೆ, ಅಸೌಖ್ಯಕ್ಕೆ ಆಗುವುದಿಲ್ಲ. ನಮ್ಮ ನೆರೆಮನೆ ಅಜ್ಜನನ್ನು ಒಮ್ಮೆ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಅಲ್ಲಿ ‘ಕರಳಿನಾಣ್ ಅಸುಖಂ’ ಅಂದ್ರಂತೆ, ಮನೆಯವರಿಗೆ ಕೇಳಿಸಿದ್ದು ಕರುಳಿನ ಅಸೌಖ್ಯ, ಹತ್ತು ದಿನ ಗಂಜಿ ಮಜ್ಜಿಗೆ ಬಿಟ್ರೆ ಬೇರೇನೂ ಕೊಡ್ಲಿಲ್ಲ. ಮತ್ತೆ ಮಂಗಳೂರಲ್ಲಿ ಡಾಕ್ಟ್ರ ಹತ್ರವೂ ಕರುಳು ಅಂತಲೇ ಹೇಳಿದ್ದು, ಅವರು ಹೊಟ್ಟೆ ಒತ್ತಿ ಒತ್ತಿ ನೋಡಿ, ಕೊನೆಗೆ ಬಟ್ಟೆ ಅಂಗಡಿಯ ತೊಟ್ಟೆಯಿಂದ ಹಳೇ ಸ್ಕ್ಯಾನ್ ರಿಪೋರ್ಟ್ ಹೊರಗೆ ಬಂದಾಗ ಗೊತ್ತಾದದ್ದು ಫ್ಯಾಟಿ ಲಿವರ್ ಅಂತ.

ಹಾಗಾದ್ರೆ ಇವಳು ಎಂತ ಬರೀಬೇಕು? ಯಕೃತ್ತು ಅಂದ್ರೆ ಊರಲ್ಲಿ ಯಾರಿಗೂ ತಲೆಗೆ ಹೋಗ್ಲಿಕ್ಕಿಲ್ಲ. ಪಿತ್ತಜನಕಾಂಗ ಅಂದ್ರೆ ಪಿತ್ತರಸ ಹುಟ್ಟಿಸುವ ಅಂಗ, ಪದ ಚಂದ ಉಂಟು, ಆದ್ರೆ ನಮ್ಮ ಅಜ್ಜಿಯಂದಿರಿಗೆ ಪಿತ್ತ ಅಂತ ಕಿವಿಗೆ ಬಿದ್ರೆ ಸಾಕು ಪುನರ್ಪುಳಿ ಜ್ಯೂಸ್ ಮಾಡ್ಲಿಕ್ಕೆ ಏಳ್ತಾರೆ. ನನ್ನ ಓಟು ಲಿವರಿಗೇ.

ಇಂಗ್ಲಿಷ್ ಪದಗಳಲ್ಲಿ ಅವಳಿಗೆ ಅಷ್ಟು ಕಷ್ಟ ಇಲ್ಲ, ಬಾಲ ನೋಡಿದ್ರೆ ಆಯ್ತು ಅಂತಾಳೆ. ಐಟಿಸ್ ಬಂದ್ರೆ ಉರಿಯೂತ, ಎಕ್ಟಮಿ ಬಂದ್ರೆ ಕತ್ತರಿಸಿ ತೆಗೆಯುವುದು, ಆಸ್ಟಮಿ ಅಂದ್ರೆ ತೂತು ಮಾಡಿ ದಾರಿ ಬಿಡುವುದು. ಪದದ ತಲೆಯಲ್ಲಿ ಮಾತ್ರ ಜಾಗ್ರತೆ ಬೇಕು, ಹೈಪರ್ ಅಂದ್ರೆ ಹೆಚ್ಚು, ಹೈಪೋ ಅಂದ್ರೆ ಕಮ್ಮಿ, ಶುಗರಿನ ವಿಷಯದಲ್ಲಿ ಇದು ತಪ್ಪಿದ್ರೆ ದೊಡ್ಡ ಗಂಡಾಂತರ.

ನಮ್ಮನ್ನು ಗುಂಡಿಗೆ ಹಾಕುವುದು ಗೊತ್ತಿದ್ದ ಹಾಗೆ ಕಾಣುವ ಸಂಸ್ಕೃತ ಪದಗಳೇ. ಪ್ರಮೇಹಂ ಅಂತ ಮಲಯಾಳದಲ್ಲಿ ಬರೆದ್ರೆ ಅದು ನಮ್ಮ ಸಕ್ಕರೆ ಕಾಯಿಲೆ. ಆಯುರ್ವೇದದಲ್ಲಿ ಪ್ರಮೇಹ 20 ಬಗೆ, ಅದರಲ್ಲಿ ಒಂದು ಮಧುಮೇಹ, ಹಾಗೆ ನೋಡಿದ್ರೆ ಅವರದ್ದು ತಪ್ಪಲ್ಲ. ಆದ್ರೆ ಕನ್ನಡದಲ್ಲಿ ಗೊನೋರಿಯಾ ಅನ್ನುವ ಲೈಂಗಿಕ ರೋಗಕ್ಕೂ ಪ್ರಮೇಹ ಅಂತಾರಲ್ಲ, ಹಳಬರ ಎದುರು ‘ನಿಮಗೆ ಪ್ರಮೇಹ ಉಂಟಾ’ ಅಂತ ಕೇಳಿದ್ರೆ ಕತೆ ಮುಗೀತು. ಹಾಗೇ ‘ಆರೋಗ್ಯ ಪ್ರವರ್ತಕರು’, ಅಲ್ಲಿ ಅದು ಹೆಲ್ತ್ ವರ್ಕರ್ಸ್, ನಮಗೆ ಪ್ರವರ್ತಕ ಅಂದ್ರೆ ಏನೋ ಶುರು ಮಾಡಿದ ದೊಡ್ಡ ಜನ.

ಹುದ್ದೆಯ ಹೆಸರುಗಳದ್ದು ಇನ್ನೊಂದು ಕತೆ. ಮನೆಮನೆಗೆ ಬಂದು ಮಕ್ಕಳ ಲಸಿಕೆ, ಬಸುರಿ ಬಾಳಂತಿಯರ ವಿಷಯ ನೋಡುವವರು ಇಲ್ಲಿ ಜೆಪಿಎಚ್‌ಎನ್, ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್. ಗಡಿ ದಾಟಿ ತಲಪಾಡಿಯಿಂದ ಆಚೆ ಅದೇ ಕೆಲಸದವರಿಗೆ ಈಗ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’, ಅಷ್ಟು ಹೇಳಿ ಮುಗಿಸುವಾಗ ಮಗುವಿಗೆ ಇಂಜೆಕ್ಷನ್ ಚುಚ್ಚಿ ಆಗಿರ್ತದೆ. ನಮ್ಮ ಅಮ್ಮನಿಗೆ ಇವರೆಲ್ಲ ಸಿಸ್ಟರ್, ಗಂಡಸಾದ್ರೆ ಬ್ರದರ್. ದಾದಿ ಅಂತ ಪುಸ್ತಕದಲ್ಲಿ ಓದಿದ್ದೇ ಹೊರತು ಯಾರೂ ಕರೆದದ್ದು ನಾನು ಕೇಳಿಲ್ಲ.

ನನಗೆ ನಿಜವಾಗಿ ಸಿಕ್ಕಿ ಹಾಕಿಕೊಂಡ ಪದ ಬೈಸ್ಟ್ಯಾಂಡರ್. ಕೇರಳದ ಆಸ್ಪತ್ರೆಗಳಲ್ಲಿ ರೋಗಿ ಜೊತೆ ರಾತ್ರಿ ಹಗಲು ನಿಲ್ಲುವವರಿಗೆ ಹಾಗೆ ಹೇಳುವುದು, ಮಲಯಾಳದಲ್ಲಿ ಕೂಟ್ಟಿರಿಪ್ಪುಗಾರ ಅಂತ ಒಳ್ಳೇ ಪದವೂ ಉಂಟು, ಜೊತೆಗೆ ಕೂತವ. ಮಂಗಳೂರಿಗೆ ಹೋದ್ರೆ ಅದೇ ಜನ ‘ಅಟೆಂಡರ್’, ಅಲ್ಲಿ ‘ಪೇಷಂಟಿನ ಅಟೆಂಡರ್ ಯಾರು’ ಅಂತ ಕೂಗಿದ್ರೆ ನಮ್ಮವರು ಸುಮ್ನೆ ಕೂತಿರ್ತಾರೆ, ಯಾಕಂದ್ರೆ ಇಲ್ಲಿ ಅಟೆಂಡರ್ ಅಂದ್ರೆ ಸಂಬಳ ತಗೊಳ್ಳುವವ. ನಾವು ಮನೆಯಲ್ಲಿ ‘ಆಸ್ಪತ್ರೆಯಲ್ಲಿ ನಿಲ್ಲಲಿಕ್ಕೆ ಯಾರು ಹೋಗ್ತೀರಿ’ ಅಂತ ಕೇಳ್ತೇವೆ, ಕೆಲಸಕ್ಕೆ ಮಾತುಂಟು, ಆ ಮನುಷ್ಯನಿಗೆ ಹೆಸರು ಇಲ್ಲ.

ಹಾಗಾಗಿ ಕೇಳುವುದು ಎರಡೇ. ನಿಮ್ಮ ಮನೆಯಲ್ಲಿ, ಹಿರಿಯರ ಬಾಯಲ್ಲಿ, ಲಿವರಿಗೆ ಪುಸ್ತಕದ್ದಲ್ಲದ ಪದ ಉಂಟಾ, ಕೋಳಿ ಆಡು ಕಡಿಯುವಾಗ ಹೇಳುವ ಪದ ಆದ್ರೂ ಸರಿ. ಮತ್ತೆ ಈ ಜೊತೆಗೆ ನಿಲ್ಲುವವರಿಗೆ ಎಂತ ಹೇಳ್ತೀರಿ? ಬಳ್ಳಾರಿ, ಅಕ್ಕಲಕೋಟೆ, ಹೊಸೂರು ಕಡೆಯವರೂ ಬರೀರಿ.

ತಂಗಿ ಮಗಳು ಸದ್ಯಕ್ಕೆ ‘ಕರುಳಿನ’ ಹೊಡೆದು ಹಾಕಿ ಮೇಲೆ ಲಿವರ್ ಅಂತ ಬರೆದು, ಬದಿಗೆ ಬಾಣ ಎಳೆದು ‘ಬಲಗಡೆ, ಪಕ್ಕೆಲುಬಿನ ಅಡಿ’ ಅಂತ ಸೇರಿಸಿದ್ದಾಳೆ. ಬುಧವಾರ ಅವಳಿಗೆ ಟೆಸ್ಟ್ ಉಂಟು.