‘ಲಾಸ್ ಅಂಡ್ ಡ್ಯಾಮೇಜ್’ಗೆ ಕನ್ನಡ ಪದ ಬೇಕು, ತುರ್ತು

ಎಲ್ಲರಿಗೂ ನಮಸ್ಕಾರ.

ಹವಾಮಾನ ಬದಲಾವಣೆಯ ಹಣಕಾಸಿನ ಬಗ್ಗೆ ಒಂದು ಕಿರುಹೊತ್ತಿಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಕಾರ್ಬನ್ ತೆರಿಗೆ, ವಿಮೆ, ಸುಂಕ ಎಲ್ಲ ಹೇಗೋ ಸಾಗಿತು. ‘ಲಾಸ್ ಅಂಡ್ ಡ್ಯಾಮೇಜ್’, ಅಂದರೆ ಹವಾಮಾನ ಬದಲಾವಣೆಯಿಂದ ಆಗುವ ಕಷ್ಟನಷ್ಟ, ಅದೊಂದು ಬಾಕಿ. 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಭೆಯಲ್ಲಿ ಇದಕ್ಕೆಂದೇ ಒಂದು ನಿಧಿಗೆ ಒಪ್ಪಿಗೆ ಸಿಕ್ಕಿತಲ್ಲ, ಅದರ ಹೆಸರೇ ಒಂದು ಅಧ್ಯಾಯದ ತಲೆಬರಹ. ‘ನಷ್ಟ ಪರಿಹಾರ ನಿಧಿ’ ಎಂದರೆ ಓದುವವರಿಗೆ ತಕ್ಷಣ ಅರ್ಥವಾಗುತ್ತದೆ. ಹಾಗೇ ಇಡಲೇ? ‘ನಷ್ಟ ಮತ್ತು ಹಾನಿ’ ಎಂದರೆ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ ಕೇಳಿಸುತ್ತದೆ. ದಯವಿಟ್ಟು ಬೇಗ ತಿಳಿಸಿ.

ಮರು 1

ಒಂದೇ ಮಾತಲ್ಲ. ‘ನಶ್’ ಧಾತುವಿನಿಂದ ನಷ್ಟ: ಇಲ್ಲವಾದದ್ದು, ಕಾಣದೆ ಹೋದದ್ದು. ‘ಹಾ’ ಧಾತುವಿನಿಂದ ಹಾನಿ: ಬಿಟ್ಟುಹೋದದ್ದು, ಕುಂದಿದ್ದು. ಲಾಸ್‌ಗೆ ನಷ್ಟ, ಡ್ಯಾಮೇಜ್‌ಗೆ ಹಾನಿ. ಧಾತು ನೋಡಿದರೆ ಸಾಕು, ಚರ್ಚೆಗೆ ಜಾಗವೇ ಇಲ್ಲ.

ಮರು 2

ಧಾತು ನೋಡಿದರೆ ಸಾಲದು. ಬಳಕೆ ನೋಡಬೇಕು.

ಹವಾಮಾನ ಒಪ್ಪಂದಗಳಲ್ಲಿ ಈ ಎರಡಕ್ಕೂ ವ್ಯಾಖ್ಯೆ ಇಲ್ಲ. ಆದರೂ ಇದರಲ್ಲಿ ಕೆಲಸ ಮಾಡುವವರು ಸಾಮಾನ್ಯವಾಗಿ ಹೀಗೆ ಬಿಡಿಸುತ್ತಾರೆ: ಲಾಸ್ ಎಂದರೆ ಮರಳಿ ಬಾರದ್ದು. ಸತ್ತವರು, ಮುಳುಗಿದ ನೆಲ, ಅಳಿದುಹೋದ ಜೀವಿ. ಡ್ಯಾಮೇಜ್ ಎಂದರೆ ದುರಸ್ತಿಗೆ ಸಿಗುವುದು. ಸೇತುವೆ, ರಸ್ತೆ, ಮನೆ. ಈಗ ನಮ್ಮ ಮಾತು ನೋಡಿ. ಪ್ರಾಣ ಹೋದರೆ ಪ್ರಾಣಹಾನಿ ಎನ್ನುತ್ತೇವೆ. ನಷ್ಟ ಎಂದ ಕೂಡಲೇ ವ್ಯಾಪಾರದ ಲೆಕ್ಕ ನೆನಪಾಗುತ್ತದೆ, ‘ನಷ್ಟ ತುಂಬಿಕೊಡಿ’ ಎಂದು ಕೇಳುತ್ತೇವೆ. ಬಹುಮಟ್ಟಿಗೆ, ತುಂಬಿಕೊಡಲು ಆಗುವುದು ನಷ್ಟ. ಧಾತು ಹೇಳುವುದಕ್ಕೆ ಇದು ತಲೆಕೆಳಗು, ಅಲ್ವಾ?

ಆದರೆ ದೊಡ್ಡ ತೊಂದರೆ ಇರುವುದು ‘ಪರಿಹಾರ’ದಲ್ಲಿ. ಅದನ್ನು ದಯವಿಟ್ಟು ತೆಗೆಯಿರಿ. ಇಷ್ಟು ವರ್ಷದ ಜಗಳವೆಲ್ಲ ಅದರ ಮೇಲೆಯೇ. 1991ರಲ್ಲಿ ಪೆಸಿಫಿಕ್ ಸಾಗರದ ವನುವಾಟು ದೇಶ ಸಣ್ಣ ದ್ವೀಪದೇಶಗಳ ಪರವಾಗಿ ಒಂದು ಬೇಡಿಕೆ ಇಟ್ಟಿತು. ಸಮುದ್ರ ಏರಿ ಆಗುವ ನಷ್ಟಕ್ಕೆ ವಿಮಾ ನಿಧಿ ಬೇಕು, ಶ್ರೀಮಂತ ದೇಶಗಳು ಅದಕ್ಕೆ ಹಣ ಹಾಕಬೇಕು ಎಂದು. ಆ ನಿಧಿ ಬರಲಿಲ್ಲ. 2013ರ ವಾರ್ಸಾ ಸಭೆಯಲ್ಲಿ ಲಾಸ್ ಅಂಡ್ ಡ್ಯಾಮೇಜ್‌ಗೆಂದು ಒಂದು ವ್ಯವಸ್ಥೆ ಬಂತು, ಅದರ ಜೊತೆ ನಿಧಿ ಬರಲಿಲ್ಲ. 2015ರ ಪ್ಯಾರಿಸ್ ಒಪ್ಪಂದದ 8ನೇ ವಿಧಿಯಲ್ಲಿ ಲಾಸ್ ಅಂಡ್ ಡ್ಯಾಮೇಜ್‌ಗೆ ಜಾಗ ಸಿಕ್ಕಿತು. ಆದರೆ ಒಪ್ಪಂದವನ್ನು ಅಂಗೀಕರಿಸಿದ ತೀರ್ಮಾನದ 51ನೇ ಪ್ಯಾರಾ ಓದಿ. ಈ ವಿಧಿ ಯಾವ ಹೊಣೆಗಾರಿಕೆಗೂ, ಯಾವ ಪರಿಹಾರಕ್ಕೂ ಆಧಾರವಾಗುವುದಿಲ್ಲ ಎಂದು ಅಲ್ಲಿ ನೇರವಾಗಿ ಬರೆದಿದ್ದಾರೆ. ಪರಿಹಾರ ಎಂದರೆ ತಪ್ಪು ಒಪ್ಪಿಕೊಂಡಂತೆ, ನಾಳೆ ನ್ಯಾಯಾಲಯಕ್ಕೆ ಎಳೆಯುತ್ತಾರೆ ಎಂಬ ಹೆದರಿಕೆ ಶ್ರೀಮಂತ ದೇಶಗಳಿಗೆ. 2022ರ ನಿಧಿಯ ಇಂಗ್ಲಿಷ್ ಹೆಸರಿನಲ್ಲಿ ‘ರೆಸ್ಪಾಂಡಿಂಗ್’ (ಸ್ಪಂದಿಸುವುದು) ಎಂಬ ಮೆತ್ತಗಿನ ಮಾತು ಇರುವುದನ್ನು ಇದರ ಜೊತೆ ಇಟ್ಟು ನೋಡಿ. 2023ರ ದುಬೈ ಸಭೆಯಲ್ಲಿ ಕೆಲವು ದೇಶಗಳು ಈ ನಿಧಿಗೆ ಸುಮಾರು 70 ಕೋಟಿ ಡಾಲರ್ ಕೊಡುತ್ತೇವೆ ಎಂದವು. ಅದೂ ಸ್ವಂತ ಇಷ್ಟದಿಂದ, ಬಾಕಿ ತೀರಿಸುವ ಲೆಕ್ಕದಲ್ಲಿ ಅಲ್ಲ.

ಹೀಗಿರುವಾಗ ‘ನಷ್ಟ ಪರಿಹಾರ ನಿಧಿ’ ಎಂದು ಅಚ್ಚು ಮಾಡಿದರೆ, ದ್ವೀಪದ ಜನ ಕೇಳಿಯೂ ಸಿಗದೇ ಇದ್ದದ್ದು ಸಿಕ್ಕಿಬಿಟ್ಟಿತು ಎಂದು ಕನ್ನಡದ ಓದುಗರಿಗೆ ಹೇಳಿದಂತೆ. ಅದು ಸುಳ್ಳು.

ಮರು 3

ಎರಡೂ ಸಂಸ್ಕೃತ, ನಡುವೆ ‘ಮತ್ತು’ ಬೇರೆ. ಕನ್ನಡಕ್ಕೆ ಜೋಡಿಪದಗಳ ಬರ ಬಂದಿದೆಯೇ? ಸಾವುನೋವು, ಏಳುಬೀಳು, ಹುಟ್ಟುಸಾವು. ಯಾವುದಕ್ಕೂ ‘ಮತ್ತು’ ಬೇಕಿಲ್ಲ. ‘ಅಳಿವು-ಕೇಡು’ ಎನ್ನಿ. ಅಳಿದದ್ದು ಮರಳಿ ಬಾರದು, ಕೆಟ್ಟದ್ದನ್ನು ಸರಿಮಾಡಬಹುದು. ನಿಮಗೆ ಬೇಕಾದ ಭೇದ ಸೊಗಸಾಗಿ ನಿಲ್ಲುತ್ತದೆ. ನಿಧಿಗೆ ‘ಅಳಿವು-ಕೇಡು ನೆರವು ನಿಧಿ’. ಹಾಗೇ ‘ಕಾರ್ಬನ್ ತೆರಿಗೆ’ ತೆಗೆದು ‘ಇಂಗಾಲ ತೆರಿಗೆ’ ಮಾಡಿ. ಮನೆಯಲ್ಲೇ ಪದ ಇರುವಾಗ ಸಾಲ ಯಾಕೆ?

ಮರು 1

ಇಂಗಾಲ ಮನೆಯ ಪದವಲ್ಲ. ಸಂಸ್ಕೃತದ ‘ಅಂಗಾರ’ ಪ್ರಾಕೃತದಲ್ಲಿ ‘ಇಂಗಾಲ’ವಾಗಿ ನಮ್ಮಲ್ಲಿಗೆ ಬಂತು. ಹವಾಮಾನದ ‘ಹವಾ’ ಅರಬ್ಬಿ, ‘ಮಾನ’ ಸಂಸ್ಕೃತ. ಸುಂಕ ‘ಶುಲ್ಕ’ದ ತದ್ಭವ. ವಿಮೆ ಪಾರಸಿಯ ‘ಬೀಮಾ’. ಪ್ರಶ್ನೆ ಕೇಳಿದವರು ಹೆಸರಿಸಿದ ಪದಗಳಲ್ಲಿ ಅಪ್ಪಟ ಕನ್ನಡ ‘ತೆರಿಗೆ’ ಒಂದೇ. ಇನ್ನು ‘ಕೇಡು’ ಸಲ್ಲದು. ಕೇಡು ಬಯಸುತ್ತಾರೆ, ಕೇಡು ಎಣಿಸುತ್ತಾರೆ. ಆ ವಾಸನೆ ಇಲ್ಲಿ ಬೇಡ.

ಮರು 3

ತದ್ಭವ ಸಾಲವಲ್ಲ. ನೂರಾರು ವರ್ಷ ಕನ್ನಡದ ನಾಲಿಗೆಯ ಮೇಲೆ ಉರುಳಿ ನಮ್ಮದಾದದ್ದು. ಕಾರ್ಬನ್ ಮೊನ್ನೆ ಬಂದದ್ದು. ಇದನ್ನು ಇಲ್ಲಿ ಎಷ್ಟು ಸಲ ಹೇಳಬೇಕು?

ಮರು 1

ಹೇಳಬೇಡಿ. ಓದುವವರು ಕಾರ್ಬನ್ ಎನ್ನುತ್ತಿದ್ದಾರೆ.

ಮರು 2

ಇಂಗಾಲವೋ ಕಾರ್ಬನ್ನೋ, ಎರಡೂ ಓದುಗರಿಗೆ ಗೊತ್ತು. ಅದರಲ್ಲಿ ಯಾರಿಗೂ ಮೋಸವಿಲ್ಲ. ಮೋಸವಾಗುವುದು ‘ಪರಿಹಾರ’, ‘ನೆರವು’ ಇಂಥ ಪದಗಳಲ್ಲಿ. ನೆರವು ಅಪ್ಪಟ ಕನ್ನಡ, ಒಪ್ಪಿದೆ. ಆದರೆ ಬಡ ದೇಶಗಳು ಬೇಡ ಎನ್ನುವುದೇ ಆ ಭಾವವನ್ನು. ನಾವು ಕೇಳುತ್ತಿರುವುದು ದಾನವಲ್ಲ, ಬಿಸಿ ಏರಿಸಿದವರ ಪಾಲು ಎಂಬುದು ಅವರ ವಾದ. 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಲ್ಲೇ ‘ಹೊಣೆ ಎಲ್ಲರದು, ಆದರೆ ಒಂದೇ ಅಳತೆಯದಲ್ಲ’ ಎಂಬ ತತ್ವವಿದೆ. ಪರಿಹಾರ ಎಂದರೆ ಒಂದು ಕಡೆ ವಾಲಿದಿರಿ, ನೆರವು ಎಂದರೆ ಇನ್ನೊಂದು ಕಡೆ.

ಒಂದು ಪದದ ತೂಕ ಎಷ್ಟು ಎಂದು ಕೇಳುವವರು 2021ರ ಗ್ಲಾಸ್ಗೋ ಸಭೆಯನ್ನು ನೋಡಲಿ. ಕಲ್ಲಿದ್ದಲ ವಿದ್ಯುತ್ತನ್ನು ಹಂತಹಂತವಾಗಿ ‘ನಿಲ್ಲಿಸುವುದು’ ಎಂದು ಕರಡಿನಲ್ಲಿತ್ತು. ಕೊನೆಯ ಗಳಿಗೆಯಲ್ಲಿ ಭಾರತ ಕೇಳಿದ ಮೇಲೆ ‘ತಗ್ಗಿಸುವುದು’ ಆಯಿತು. ಕನ್ನಡದಲ್ಲಿ ಎರಡಕ್ಕೂ ‘ಕಡಿತ’ ಎಂದು ಬರೆದರೆ ಆ ಜಗಳವೇ ಮಾಯ.

ನನ್ನ ಸಲಹೆ ಇದು. ‘ನಷ್ಟ-ಹಾನಿ’ ಎಂದು ಅಡ್ಡಗೆರೆ ಹಾಕಿ ಒಂದೇ ಪದ ಮಾಡಿ. ಮರು 3 ಹೇಳಿದಂತೆ ‘ಮತ್ತು’ ಬೇಡ. ಅಡ್ಡಗೆರೆಗೆ ಇನ್ನೊಂದು ಕಾರಣವೂ ಇದೆ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ ವರದಿಗಳಲ್ಲಿ ಈ ಮಾತನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದರೆ ರಾಜಕೀಯ ಮಾತುಕತೆ, ಚಿಕ್ಕಕ್ಷರದಲ್ಲಿ ಬರೆದರೆ ನೆಲದ ಮೇಲೆ ಆದ ತೊಂದರೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ. ಮಾತುಕತೆಗೆ ‘ನಷ್ಟ-ಹಾನಿ’, ಆದದ್ದನ್ನು ಹೇಳುವಾಗ ‘ನಷ್ಟಗಳು, ಹಾನಿಗಳು’. ನಿಧಿಗೆ ‘ನಷ್ಟ-ಹಾನಿ ಸ್ಪಂದನ ನಿಧಿ’. ಪ್ಯಾರಿಸ್ ಒಪ್ಪಂದದ 8ನೇ ವಿಧಿಯ ಮೂರು ಕ್ರಿಯಾಪದಗಳಿಗೆ ತಪ್ಪಿಸು, ತಗ್ಗಿಸು, ನಿಭಾಯಿಸು. ಮೂರನೆಯದಕ್ಕೆ ‘ಪರಿಹರಿಸು’ ಬೇಡ. ಪೂರ್ತಿ ಬಗೆಹರಿಯಿತು ಎಂಬ ಅರ್ಥ ಬಂದುಬಿಡುತ್ತದೆ.

ಮರು 3

‘ಸ್ಪಂದನ’ ಓದುಗನಿಗೆ ಏನನ್ನೂ ಹೇಳುವುದಿಲ್ಲ. ನನ್ನ ಒಪ್ಪಿಗೆ ಇಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ‘ನಷ್ಟ-ಹಾನಿ ಸ್ಪಂದನ ನಿಧಿ’ ಎಂದೇ ತಲೆಬರಹ ಇಡುತ್ತೇನೆ. ಮೊದಲ ಪುಟದಲ್ಲೇ ಎರಡು ಸಾಲು ಸೇರಿಸುತ್ತಿದ್ದೇನೆ: ಯಾವುದು ಮರಳಿ ಬಾರದ್ದು, ಯಾವುದು ದುರಸ್ತಿಗೆ ಸಿಗುವುದು, ಮತ್ತು ಇದನ್ನು ‘ಪರಿಹಾರ’ ಎಂದು ಯಾಕೆ ಕರೆದಿಲ್ಲ. ಅಲ್ಲಿ ಅಳಿವು ಎಂಬ ಪದವನ್ನೂ ಬಳಸುತ್ತೇನೆ. ಕಾರ್ಬನ್ ಹಾಗೇ ಇರುತ್ತದೆ. ಗ್ಲಾಸ್ಗೋ ಅಧ್ಯಾಯದಲ್ಲಿ ‘ಕಡಿತ’ ಎಂದೇ ಇದೆ, ಅದನ್ನು ಈಗ ತಿದ್ದಲು ಕೂರುತ್ತೇನೆ.