ಮ್ಯೂಸಿಯಂ ಉಪನ್ಯಾಸದಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಬಹುದಾ?

ಬಟವಾಡಿ ಟೈಲರಮ್ಮ:
ನಮಸ್ಕಾರ. ನಾನು ತುಮಕೂರಿನ ಬಟವಾಡಿಯಲ್ಲಿ 22 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಮಗಳು ಬೆಂಗಳೂರಲ್ಲಿ ಚಿತ್ರಕಲೆ ಓದುತ್ತಾಳೆ. ಹೋದ ಶನಿವಾರ ಅವಳ ಜೊತೆ ಒಂದು ಮ್ಯೂಸಿಯಂಗೆ ಉಪನ್ಯಾಸ ಕೇಳಲು ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ, ಜಗಳ ಆಡೋಕೆ ಬಂದಿಲ್ಲ.

ಮಾತೆಲ್ಲ ಇಂಗ್ಲಿಷ್. ಅರ್ಧ ತಿಳಿಯಿತು, ಮಿಕ್ಕದ್ದನ್ನು ಮಗಳು ಕಿವಿಯಲ್ಲಿ ಹೇಳಿದಳು. ಆದರೆ ಪರದೆ ಮೇಲೆ ಕಲಾವಿದೆ ಶೀಲಾ ಗೌಡ ಅವರ ಒಂದು ಕೆಲಸ ಬಂತು ನೋಡಿ, ಆಗ ಯಾರ ಸಹಾಯವೂ ಬೇಕಾಗಲಿಲ್ಲ. ಕೆಂಪು ಹಗ್ಗಗಳು ಗೋಡೆಯಿಂದ ನೆಲಕ್ಕೆ ಇಳಿದು ಹಾವಿನ ಹಾಗೆ ಹರಡಿವೆ. ಹತ್ತಿರದ ಫೋಟೋ ತೋರಿಸಿದರು. ಹಗ್ಗ ಅಲ್ಲ, ನಾವು ಹೊಲಿಯುವ ದಾರ! ಒಂದೊಂದು ಸೂಜಿಗೂ ಉದ್ದನೆಯ ದಾರ ಪೋಣಿಸಿ, ಸೂಜಿ ನಟ್ಟನಡುವೆ ಬರುವ ತನಕ ಎಳೆದು, ಅಂಥ ಎಷ್ಟೋ ಎಳೆಗಳನ್ನು ಸೇರಿಸಿ ಅಂಟು, ಕುಂಕುಮ ಬಳಿದಿದ್ದಾರೆ. ತುದಿಯಲ್ಲಿ ಸೂಜಿಗಳ ಗೊಂಚಲು. 1998ರಲ್ಲಿ ಶುರು ಮಾಡಿದ ಕೆಲಸವಂತೆ.

ಮಾತಾಡಿದವರು ನೋವು, ಹೆಂಗಸರ ದುಡಿಮೆ ಅಂತ ಬಹಳ ಹೊತ್ತು ಹೇಳಿದರು. ಸರಿ, ಒಪ್ಪಿದೆ. ನನ್ನ ತಲೆಯಲ್ಲಿ ಇದ್ದದ್ದೇ ಬೇರೆ. ಕೈಹೊಲಿಗೆಗೆ ಒಂದು ಮಾರಿಗಿಂತ ಜಾಸ್ತಿ ದಾರ ತೆಗೆದುಕೊಂಡರೆ ಸಿಕ್ಕಾಗುತ್ತದೆ. ಸೂಜಿ ಕಣ್ಣಿಗೆ ಉಜ್ಜಿ ಉಜ್ಜಿ ದಾರದ ಎಳೆ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ನಾವು ಮೇಣ ಸವರುತ್ತೇವೆ. ಇವರು ಅಷ್ಟುದ್ದ ಹೇಗೆ ಎಳೆದರು? ಮೇಣ ಸವರಿದ್ದರೆ ಆಮೇಲೆ ಅಂಟು ಹಿಡಿಯೋದು ಹೇಗೆ?

ಕೈ ಎತ್ತಿದೆ. ಮೈಕ್ ಬಂತು. ಕನ್ನಡದಲ್ಲಿ ಶುರು ಮಾಡಿದೆ. ಕಾರ್ಯಕ್ರಮ ನಡೆಸುತ್ತಿದ್ದವರು ‘ಟೈಮ್ ಆಯ್ತು ಮೇಡಂ, ಆಮೇಲೆ ಮಾತಾಡೋಣ’ ಅಂದು ಮೈಕನ್ನು ಹಿಂದಿನ ಸಾಲಿಗೆ ಕೊಡಿಸಿದರು. ಅಲ್ಲಿದ್ದವರು ಐದು ನಿಮಿಷ ಮಾತಾಡಿದರು. ಅದರಲ್ಲಿ ಪ್ರಶ್ನೆಯೇ ಇರಲಿಲ್ಲ!

ಇಂಥ ಕಡೆ ಕನ್ನಡದಲ್ಲಿ ಕೇಳುವುದು ತಪ್ಪಾ? ಇನ್ನೊಂದು, ಸಂಜೆ ಕಾರ್ಯಕ್ರಮ ಮುಗಿಸಿ ನಮ್ಮ ಊರ ಕಡೆಯವರು ವಾಪಸ್ ಹೇಗೆ ಬರುತ್ತೀರಿ?

ಮಂಡಿ ಹುಡುಗ, ಕೋಲಾರ:
ಅಕ್ಕಾ, ಬೇಜಾರು ಮಾಡ್ಕೋಬೇಡಿ. ಸೂಜಿ ದಾರ ನೋಡೋಕೆ ಬೆಂಗಳೂರಿಗೆ ಯಾಕೆ ಹೋಗಬೇಕು, ನಿಮ್ಮ ಅಂಗಡಿಯಲ್ಲೇ ಇದೆಯಲ್ಲ? ಆ ಶೀಲಾ ಗೌಡ ಅವರದೇ ಇನ್ನೊಂದು ಕೆಲಸದಲ್ಲಿ ಗಾಡಿ ಬಂಪರ್‌ಗೆ ಕೂದಲ ಹಗ್ಗ ಸುತ್ತಿದ್ದಾರಂತೆ. ನಮ್ಮ ಟೊಮೆಟೊ ಗಾಡಿಗೂ ಕಟ್ಟಿದ್ದೀವಿ. ನಮ್ಮನ್ನು ಯಾರೂ ಕಲಾವಿದರು ಅನ್ನಲಿಲ್ಲ.

ಡ್ರಾಯಿಂಗ್ ಮೇಷ್ಟ್ರು, ಮಾಲೂರು:
ತಮ್ಮಾ, ನೀನು ಹೇಳೋದು ‘ಬಿಹೋಲ್ಡ್’. 2009ರಲ್ಲಿ ಇಟಲಿಯ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿನಾಲೆಯಲ್ಲಿ ಇಟ್ಟಿದ್ದರು. ನಿನ್ನ ಗಾಡಿಗೆ ಆ ಹಗ್ಗ ಯಾಕೆ ಕಟ್ಟಿದ್ದೀಯಾ? ದೃಷ್ಟಿ ಆಗಬಾರದು ಅಂತ ತಾನೇ? ಕೂದಲು ಬಂದಿದ್ದು ಯಾರೋ ದೇವರಿಗೆ ಮುಡಿ ಕೊಟ್ಟಿದ್ದರಿಂದ. ನಿನ್ನ ಗಾಡಿಯಲ್ಲಿ ಬಂಪರ್ ಕೂದಲನ್ನು ಹೊತ್ತಿದೆ, ಅಲ್ಲಿ ಕೂದಲೇ ಸ್ಟೀಲ್ ಬಂಪರನ್ನು ಹೊತ್ತು ತೂಗುತ್ತಿದೆ. ಈಗ ಹೋಗಿ ನಿನ್ನ ಗಾಡಿ ನೋಡು.

ಟೈಲರಮ್ಮನವರೇ, ತಪ್ಪೇನೂ ಇಲ್ಲ. ನಾನು ಬೆಂಗಳೂರಿನ ಅರಮನೆ ರಸ್ತೆಯ ಎನ್‌ಜಿಎಂಎಗೆ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ) 2009ರಲ್ಲಿ ಅದು ಶುರುವಾದಾಗಿನಿಂದ ಹೋಗುತ್ತಿದ್ದೇನೆ. ಕಸ್ತೂರ್ಬಾ ರಸ್ತೆಯ ಮ್ಯಾಪ್ ಅನ್ನೋ ಕಲೆ, ಫೋಟೋಗಳ ಮ್ಯೂಸಿಯಂಗೂ ಹೋಗುತ್ತೇನೆ, ಅದು ಬಾಗಿಲು ತೆರೆದದ್ದು 2023ರಲ್ಲಿ. ಕನ್ನಡದಲ್ಲೇ ಕೇಳುತ್ತೇನೆ. ಮೊದಮೊದಲು ನನಗೂ ಗಂಟಲು ಒಣಗುತ್ತಿತ್ತು. ನಮ್ಮ ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ರಾತ್ರಿ ನೆಲದ ಮೇಲೆ ಕೂತು ನಾಟಕ, ಹಾಡು, ಮಾತು ಕೇಳಿದವನು ನಾನು. ಅಲ್ಲಿ ಬಾಯಿ ತೆರೆಯೋಕೆ ಯಾವತ್ತೂ ಹೆದರಿರಲಿಲ್ಲ. ಎಸಿ ಹಾಲ್‌ನಲ್ಲಿ ಅದೇನೋ ಆಗುತ್ತೆ.

ಮೈಕ್ ಹಿಡಿಯುವವಳು:
ನಾನು ಇಂಥ ಕಾರ್ಯಕ್ರಮಗಳಲ್ಲಿ ಸ್ವಯಂಸೇವಕಿ. ಟೈಮ್ ಆಯ್ತು ಅನ್ನೋದು ಎಷ್ಟೋ ಸಲ ನೆಪ. ಅನುವಾದ ಮಾಡೋರು ಇರುವುದಿಲ್ಲ, ವೇದಿಕೆ ಮೇಲೆ ಗಾಬರಿ ಆಗುತ್ತೆ, ಅಷ್ಟೇ. ಸ್ವಲ್ಪ ಮುಂಚೆ ಹೋಗಿ ‘ನಾನು ಕನ್ನಡದಲ್ಲಿ ಕೇಳ್ತೀನಿ’ ಅಂತ ಬಾಗಿಲಲ್ಲಿರುವವರಿಗೆ ಹೇಳಿಡಿ. ಚೀಟಿಯಲ್ಲಿ ಬರೆದುಕೊಟ್ಟರೂ ಆಯಿತು. ಪಕ್ಕದ ಸಾಲಿನ ತುದಿಯಲ್ಲಿ ಕೂತರೆ ಮೈಕ್ ಬೇಗ ಸಿಗುತ್ತೆ, ಇದು ಒಳಗುಟ್ಟು.

ವಾಪಸ್ ಬರೋದಕ್ಕೆ: ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ನೇರಳೆ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಾಯಿಸಿ, ಮಾದಾವರದಲ್ಲಿ ಇಳಿದರೆ ತುಮಕೂರು ರಸ್ತೆಯಲ್ಲೇ ಇರುತ್ತೀರಿ. ಊರೊಳಗಿನ ಟ್ರಾಫಿಕ್ ತಪ್ಪುತ್ತೆ. ಹೋಗುವಾಗ ಸೋಮವಾರ ಮಾತ್ರ ಬೇಡ, ಎನ್‌ಜಿಎಂಎ, ಮ್ಯಾಪ್ ಎರಡಕ್ಕೂ ರಜೆ.

ಬಟವಾಡಿ ಟೈಲರಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ಸಲ ತುದಿಯ ಕುರ್ಚಿ ನನ್ನದೇ. ಮಂಡಿ ತಮ್ಮಾ, ನೀನು ಹೇಳಿದ ಹಾಗೆ ನಿನ್ನೆ ನನ್ನ ಅಂಗಡಿಯಲ್ಲೇ ನೋಡಿದೆ. ಮೇಣ ಸವರದೆ 20 ಮೀಟರ್ ದಾರ ಒಂದು ಸೂಜಿಗೆ ಎಳೆದೆ. ಆರು ಸಲ ಗಂಟು ಬಿತ್ತು, ಒಂದು ಸಲ ಕಿತ್ತೇಹೋಯಿತು. ಮುಕ್ಕಾಲು ಗಂಟೆ ಹಿಡಿಯಿತು. ಅದು ಒಂದೇ ಸೂಜಿಗೆ! ಮಗಳಿಗೆ ಫೋಟೋ ಕಳಿಸಿದ್ದೇನೆ. ಇವತ್ತು ಕೊಡಬೇಕಿದ್ದ ಬ್ಲೌಸ್‌ಗೆ ಇನ್ನೂ ಹುಕ್ಕು ಹಾಕಿಲ್ಲ, ಗಿರಾಕಿ ಬಾಗಿಲಲ್ಲಿ ನಿಂತಿದ್ದಾರೆ.